ಮೊಂಟ್ರೊದಲ್ಲಿ ಬೆಂಕಿ ಬಿದ್ದ ದಿನ

ಬೆಂಕಿ ಹತ್ತಿದ್ದು 1971ರ ಡಿಸೆಂಬರ್ 4ರಂದು, ಶನಿವಾರ. ಆ ತಾರೀಖು ಹೇಳಿದರೆ ನಮ್ಮಲ್ಲಿ ವಯಸ್ಸಾದವರಿಗೆ ನೆನಪಾಗುವುದು ಬೇರೆಯೇ ಬೆಂಕಿ. ಹಿಂದಿನ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿ ಯುದ್ಧ ಶುರುವಾಗಿತ್ತು. 4ರ ರಾತ್ರಿ ನಮ್ಮ ನೌಕಾಪಡೆಯ ದೋಣಿಗಳು ಕರಾಚಿಯ ತನಕ ಹೋಗಿ ಕ್ಷಿಪಣಿ ಹಾರಿಸಿದವು, ಅಲ್ಲಿನ ತೈಲದ ಟ್ಯಾಂಕುಗಳು ಹೊತ್ತಿಕೊಂಡವು. ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದ ನಮ್ಮ ಊರುಗಳಿಗೆ, ಅದೇ ದಿನ ಸ್ವಿಟ್ಜರ್ಲೆಂಡಿನ ಒಂದು ಸರೋವರದ ದಡದಲ್ಲಿ ಕ್ಯಾಸಿನೊ ಸುಟ್ಟುಹೋದ ಸುದ್ದಿ ಯಾಕೆ ಬೇಕು? ಆ ಸುದ್ದಿ ನಮಗೆ ಮುಟ್ಟಿದ್ದು ಎಷ್ಟೋ ಕಾಲದ ಮೇಲೆ, ಹಾಡಿನ ರೂಪದಲ್ಲಿ. ಈಗ ಹೇಗೂ ಅಗ್ಗಿಷ್ಟಿಕೆ ಸುತ್ತ ಕೂತಿದ್ದೀರಿ. ನಿಮ್ಮಲ್ಲಿ ಗಿಟಾರ್ ಹಿಡಿದವರೆಲ್ಲ ಮೊದಲ ವಾರದಲ್ಲೇ ನುಡಿಸಿದ ಆ ‘ಸ್ಮೋಕ್ ಆನ್ ದ ವಾಟರ್’ ಎಲ್ಲಿಂದ ಬಂತು ಅಂತ ಕೇಳಿ.

ಡೀಪ್ ಪರ್ಪಲ್ ತಂಡದ ಐವರು ಆಗ ಜಿನೀವಾ ಸರೋವರದ ಪೂರ್ವದ ತುದಿಯಲ್ಲಿರುವ ಮೊಂಟ್ರೊ ಎಂಬ ಊರಿಗೆ ಬಂದು ಇಳಿದಿದ್ದರು. ಇಂಗ್ಲೆಂಡಿನವರು. ಗಿಟಾರಿಗೆ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ನಿಗೆ ಜಾನ್ ಲಾರ್ಡ್, ಡ್ರಮ್ಸಿಗೆ ಇಯಾನ್ ಪೇಸ್. ಈ ಮೂವರು 1968ರಲ್ಲಿ ತಂಡ ಕಟ್ಟಿದಾಗಿನಿಂದ ಇದ್ದವರು. ತಂಡದ ಹೆಸರು ಬ್ಲ್ಯಾಕ್‌ಮೋರ್‌ನ ಅಜ್ಜಿಗೆ ಇಷ್ಟವಾಗಿದ್ದ ಒಂದು ಹಳೆಯ ಹಾಡಿನದು. ಮರುವರ್ಷ ಹಾಡುಗಾರ ಇಯಾನ್ ಗಿಲ್ಲನ್, ಬಾಸ್ ನುಡಿಸುವ ರೋಜರ್ ಗ್ಲೋವರ್ ಬಂದು ಸೇರಿದರು. ಬಂದ ಕೆಲವೇ ತಿಂಗಳಿಗೆ, 1969ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇಡೀ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ಕೂತು ಜಾನ್ ಲಾರ್ಡ್ ಬರೆದ ಕಾನ್ಸರ್ಟೊ ನುಡಿಸಿದರು. ಬ್ಲ್ಯಾಕ್‌ಮೋರ್‌ಗೆ ಆ ದಾರಿ ರುಚಿಸಲಿಲ್ಲ. ಅವನಿಗೆ ಬೇಕಾಗಿದ್ದು ಬಿರುಸು. 1970ರ ‘ಇನ್ ರಾಕ್’ ಆಲ್ಬಮ್ಮಿನಲ್ಲಿ ಅದು ಸಿಕ್ಕಿತು. ಹಾರ್ಡ್ ರಾಕ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮಾತಾಡದೆ ಆ ಆಲ್ಬಮ್ ಹಾಕಿಬಿಡುತ್ತೇನೆ.

ಸ್ಟುಡಿಯೊದಲ್ಲಿ ಮುದ್ರಿಸಿದರೆ ತಮ್ಮ ಸಂಗೀತದ ಕಸುವು ಅರ್ಧ ಸೋರಿಹೋಗುತ್ತದೆ ಎಂಬ ಅತೃಪ್ತಿ ಅವರಿಗಿತ್ತು. ಸ್ಟೇಜಿನ ಮೇಲೆ ನುಡಿಸಿದ ಹಾಗೆಯೇ, ಆದರೆ ಶ್ರೋತೃಗಳಿಲ್ಲದೆ ನುಡಿಸಿ, ಅದನ್ನು ಹಾಗೇ ಹಿಡಿಯಬೇಕು ಎಂದುಕೊಂಡರು. ಮೊಂಟ್ರೊದ ಕ್ಯಾಸಿನೊ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲೊಂದು ದೊಡ್ಡ ಸಭಾಂಗಣ, ಅದು ಚಳಿಗಾಲಕ್ಕೆ ಬಾಗಿಲು ಹಾಕುವ ಕಾಲ. ರೋಲಿಂಗ್ ಸ್ಟೋನ್ಸ್ ತಂಡದವರು ಒಂದು ಲಾರಿಯೊಳಗೆ ಕಟ್ಟಿಸಿದ್ದ ಚಲಿಸುವ ಸ್ಟುಡಿಯೊವನ್ನು ಬಾಡಿಗೆಗೆ ತರಿಸಿದರು. ಕ್ಯಾಸಿನೊದಲ್ಲಿ ಇನ್ನು ಒಂದೇ ಒಂದು ಕಾರ್ಯಕ್ರಮ ಬಾಕಿ ಇತ್ತು, ಶನಿವಾರ ಮಧ್ಯಾಹ್ನ ಅಮೆರಿಕದ ಫ್ರಾಂಕ್ ಜಪ್ಪಾ ಮತ್ತು ಅವನ ಮದರ್ಸ್ ಆಫ್ ಇನ್ವೆನ್ಷನ್ ತಂಡದ್ದು. ಅದು ಮುಗಿದರೆ ಹಾಲ್ ಇವರದು. ಬಂದಿದ್ದೇವಲ್ಲ, ಜಪ್ಪಾನನ್ನೂ ಕೇಳೋಣ ಎಂದು ಇವರೂ ಹೋಗಿ ಜನರ ನಡುವೆ ಕೂತರು.

ಕಾರ್ಯಕ್ರಮ ಸಾಕಷ್ಟು ಹೊತ್ತು ಚೆನ್ನಾಗಿಯೇ ನಡೆಯಿತು. ಜಪ್ಪಾನ ತಂಡ ‘ಕಿಂಗ್ ಕಾಂಗ್’ ಎಂಬ ಕೃತಿ ನುಡಿಸುತ್ತಿತ್ತು, ಸಿಂಥಸೈಜರಿನವನ ಸರದಿ. ಅಷ್ಟರಲ್ಲಿ ಸಭಿಕರಲ್ಲಿ ಯಾರೋ ಒಬ್ಬ, ಹಡಗಿನವರು ಅಪಾಯದಲ್ಲಿ ಆಕಾಶಕ್ಕೆ ಬೆಳಕು ಹಾರಿಸುತ್ತಾರಲ್ಲ, ಅಂಥ ಪಿಸ್ತೂಲಿನಿಂದ ಚಾವಣಿಗೆ ಗುರಿಯಿಟ್ಟು ಹೊಡೆದ. ಚಾವಣಿಗೆ ಹೊದಿಸಿದ್ದು ಒಣಗಿದ ಬೆತ್ತ. ಕಿಡಿ ಅಲ್ಲಿ ಕೂತಿತು. ಮೊದಲ ಕೆಲವು ಕ್ಷಣ ಯಾರಿಗೂ ಗಾಬರಿಯೇ ಆಗಲಿಲ್ಲವಂತೆ. ಜಪ್ಪಾ ವಾದ್ಯ ನಿಲ್ಲಿಸಿ, ಅವಸರ ಮಾಡಬೇಡಿ, ನೆಮ್ಮದಿಯಿಂದ ಬಾಗಿಲ ಕಡೆ ನಡೆಯಿರಿ ಎಂದು ಮೈಕಿನಲ್ಲಿ ಹೇಳಿದ. ಆ ತಣ್ಣಗಿನ ದನಿ ಎಷ್ಟು ಜೀವ ಉಳಿಸಿತೋ! ಸರೋವರದ ಕಡೆಗಿದ್ದ ದೊಡ್ಡ ಗಾಜು ಒಡೆದು ಅದರ ಮೂಲಕವೂ ಜನ ಹೊರಗೆ ಬಂದರು.

ಈಗ ಕ್ಲೋಡ್ ನೋಬ್ಸ್ ಬಗ್ಗೆ ಹೇಳಲೇಬೇಕು. ಊರಿನ ಪ್ರವಾಸೋದ್ಯಮ ಕಚೇರಿಯಲ್ಲಿ ಕೆಲಸಕ್ಕಿದ್ದವನು, ಅದಕ್ಕೂ ಮೊದಲು ಅಡುಗೆ ಕಲಿತವನು. ಸಂಗೀತದ ಹುಚ್ಚಿಗೆ ಬಿದ್ದು 1967ರಲ್ಲಿ ಮೊಂಟ್ರೊ ಜಾಜ್ ಉತ್ಸವ ಶುರು ಮಾಡಿದ. ಇಂದು ಜಗತ್ತಿನ ದೊಡ್ಡ ಸಂಗೀತ ಉತ್ಸವಗಳಲ್ಲಿ ಅದೂ ಒಂದು. ಜಪ್ಪಾನನ್ನೂ ಡೀಪ್ ಪರ್ಪಲ್ಲನ್ನೂ ಆ ವಾರ ಊರಿಗೆ ಕರೆಸಿ ನೋಡಿಕೊಳ್ಳುತ್ತಿದ್ದವನು ಇವನೇ. ಎಲ್ಲರೂ ಹೊರಗೆ ಓಡುತ್ತಿದ್ದಾಗ ಇವನು ಮತ್ತೆ ಮತ್ತೆ ಒಳಗೆ ಹೋದ. ದಾರಿ ತಿಳಿಯದೆ ಒಳಗೇ ಉಳಿದಿದ್ದ ಹುಡುಗರನ್ನು ಹಿಡಿದು ಎಳೆದು ತಂದ. ಅಷ್ಟು ದೊಡ್ಡ ಕಟ್ಟಡ ಬುಡಮಟ್ಟ ಸುಟ್ಟಿತು, ಒಬ್ಬರೂ ಸಾಯಲಿಲ್ಲ. ಈ ಕಥೆಯಲ್ಲಿ ನನಗೆ ಬೇರೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಅಷ್ಟು ಜನ ಅಲ್ಲಿ ಸತ್ತಿದ್ದರೆ ಈ ಹಾಡನ್ನು ಯಾರು ಬರೆಯುತ್ತಿದ್ದರು, ಯಾವ ಬಾಯಿಯಿಂದ ಹಾಡುತ್ತಿದ್ದರು?

ಡೀಪ್ ಪರ್ಪಲ್‌ನವರು ಹೋಟೆಲಿಗೆ ಮರಳಿ ಕಿಟಕಿಯ ಬಳಿ ನಿಂತು ನೋಡಿದರು. ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಜ್ವಾಲೆ ಏರುತ್ತಿತ್ತು. ಹೊಗೆ ಮೇಲಕ್ಕೆ ಹೋಗದೆ ಸರೋವರದ ನೀರಿನ ಮೇಲೆ ಹಾಸಿಕೊಂಡಿತು. ತಾವು ತಿಂಗಳುಗಟ್ಟಲೆ ಯೋಚಿಸಿ ಗೊತ್ತು ಮಾಡಿದ ಜಾಗ ಕಣ್ಣೆದುರೇ ಬೂದಿಯಾಗುತ್ತಿದೆ, ಬಾಡಿಗೆಯ ಲಾರಿ ಬಂದಿದೆ, ಬೇರೆ ಜಾಗವಿಲ್ಲ.

ಜಪ್ಪಾನಿಗೆ ಅದಕ್ಕಿಂತ ಕೆಟ್ಟ ಕಾಲ ಕಾದಿತ್ತು. ಅವನ ತಂಡದ ವಾದ್ಯಗಳೆಲ್ಲ ಬೆಂಕಿಗೆ ಹೋಗಿದ್ದವು. ಬಾಡಿಗೆಗೆ ವಾದ್ಯ ತಂದು ಒಂದು ವಾರದೊಳಗೆ, ಡಿಸೆಂಬರ್ 10ರಂದು, ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ನುಡಿಸಿದ. ಅಲ್ಲಿ ಸಭಿಕನೊಬ್ಬ ಸ್ಟೇಜಿಗೆ ಹತ್ತಿ ಅವನನ್ನು ಕೆಳಗೆ ನೂಕಿದ. ಆರ್ಕೆಸ್ಟ್ರಾ ಕೂರುವ ಕಾಂಕ್ರೀಟಿನ ಹೊಂಡಕ್ಕೆ ಬಿದ್ದು, ಕಾಲು ಮುರಿದು, ಗಂಟಲಿಗೆ ಪೆಟ್ಟಾಗಿ, ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕೂತ. ಆಮೇಲೆ ಅವನ ದನಿಯೇ ಇಳಿದುಹೋಯಿತು. ಅವನು ತೀರಿಕೊಂಡದ್ದು 1993ರಲ್ಲಿ, ತಾರೀಖು ಮತ್ತದೇ ಡಿಸೆಂಬರ್ 4.

ಇತ್ತ ನೋಬ್ಸ್ ಊರೆಲ್ಲ ಓಡಾಡಿ ಡೀಪ್ ಪರ್ಪಲ್‌ಗೆ ಪೆವಿಲಿಯನ್ ಎಂಬ ಹಳೆಯ ರಂಗಮಂದಿರ ಹುಡುಕಿಕೊಟ್ಟ. ಜಾಗವೇನೋ ಚೆನ್ನಾಗಿತ್ತು, ಆದರೆ ನಟ್ಟನಡು ಊರು. ರಾತ್ರಿ ವಾದ್ಯ ಹೂಡಿ, ಬ್ಲ್ಯಾಕ್‌ಮೋರ್‌ಗೆ ಹೊಳೆದಿದ್ದ ಒಂದು ಹೊಸ ರಿಫ್, ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಸ್ವರಗುಚ್ಛ, ಹಿಡಿದು ನುಡಿಸಲು ತೊಡಗಿದರು. ಅಕ್ಕಪಕ್ಕದ ಮನೆಗಳಲ್ಲಿ ದೀಪ ಹತ್ತಿದವು, ಪೊಲೀಸರಿಗೆ ದೂರು ಹೋಯಿತು. ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದಾರೆ, ತಂಡದ ಕೆಲಸದ ಹುಡುಗರು ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಒಳಗೆ ವಾದ್ಯದವರು ಕೊನೆಯ ಸಲ ನುಡಿಸುತ್ತಿದ್ದಾರೆ. ಆ ಟೇಕ್ ಮುಗಿದ ಮೇಲೆಯೇ ಬಾಗಿಲು ತೆರೆದದ್ದು. ಜಾಗ ಕೈತಪ್ಪಿತು, ಟೇಪ್ ಉಳಿಯಿತು. ಅದಕ್ಕೆ ಆಗ ಸಾಹಿತ್ಯವೂ ಇಲ್ಲ, ಹೆಸರೂ ಇಲ್ಲ.

ಆ ರಿಫ್ ಬಗ್ಗೆ ಒಂದು ಮಾತು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಅದರಲ್ಲಿರುವುದು ನಾಲ್ಕೇ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಮತ್ತೆ ಒಂದು ಕ್ಷಣ ಮಾತ್ರ ಮುಟ್ಟಿ ಬಿಡುವ ಪ್ರತಿ ಮಧ್ಯಮ. ಕರ್ನಾಟಕ ಸಂಗೀತದ ಮೇಳಕರ್ತ ಪದ್ಧತಿಯಲ್ಲಿ ಒಂದು ಮೇಳಕ್ಕೆ ಒಂದೇ ಮಧ್ಯಮ. ಇಲ್ಲಿ ಎರಡೂ ಒಂದರ ಬೆನ್ನಿಗೊಂದು ಬರುತ್ತವೆ, ಆ ಉಜ್ಜಾಟದಲ್ಲೇ ಹಾಡಿನ ಕಾವು ಇದೆ. ಬ್ಲ್ಯಾಕ್‌ಮೋರ್ ಪ್ರತಿ ಸ್ವರವನ್ನೂ ಎರಡು ತಂತಿಯ ಮೇಲೆ ಒಟ್ಟಿಗೆ ಮೀಟುತ್ತಾನೆ. ಮೇಲೆ ಷಡ್ಜವಿದ್ದರೆ ಕೆಳಗೆ ಮಂದ್ರ ಪಂಚಮ, ಮೇಲಿನದು ಸರಿದ ಹಾಗೆ ಕೆಳಗಿನದೂ ಅಷ್ಟೇ ಅಂತರ ಕಾಯ್ದುಕೊಂಡು ಸರಿಯುತ್ತದೆ. ಮೀಟುವುದು ಪ್ಲೆಕ್ಟ್ರಮ್ಮಿನಿಂದಲ್ಲ, ಬೆರಳಿನಿಂದ. ಗಿಟಾರ್ ಅಂಗಡಿಗಳಲ್ಲಿ ಹುಡುಗರು ಇದನ್ನು ಒಂದೇ ತಂತಿಯ ಮೇಲೆ ಪ್ಲೆಕ್ಟ್ರಮ್ ಹಿಡಿದು ಕೆರೆಯುವುದನ್ನು ಕೇಳಿದರೆ ನನಗೆ ತಡೆಯಲಾಗುವುದಿಲ್ಲ, ಹೋಗಿ ತೋರಿಸುತ್ತೇನೆ. ಇನ್ನು ಜಾನ್ ಲಾರ್ಡ್: ಅವನು ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ, ಆ ಒರಟು ದನಿಯಲ್ಲಿ ರಿಫ್ಫಿಗೆ ಜೊತೆ ಕೊಡುತ್ತಾನೆ. ಗಿಟಾರ್ ಎಲ್ಲಿ ಮುಗಿಯಿತು, ಆರ್ಗನ್ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸುವುದು ಕಷ್ಟ.

ಪೆವಿಲಿಯನ್ ಹೋದ ಮೇಲೆ ಕೊನೆಗೆ ಸಿಕ್ಕಿದ್ದು ಗ್ರ್ಯಾಂಡ್ ಹೋಟೆಲ್. ಊರಂಚಿನ ಟೆರಿಟೆಯಲ್ಲಿ, ಚಳಿಗಾಲಕ್ಕೆ ಮುಚ್ಚಿ ಖಾಲಿ ಬಿದ್ದಿದ್ದ, ಕೊರೆಯುವ ಚಳಿಯ ಕಟ್ಟಡ. ಅದರ ಮೊಗಸಾಲೆಯಲ್ಲೇ ಡ್ರಮ್ಸು, ಗಿಟಾರು ಹೂಡಿದರು. ಸದ್ದು ಹೊರಗೆ ಹೋಗದಂತೆ, ಒಳಗೆ ಪ್ರತಿಧ್ವನಿಸದಂತೆ ಕೋಣೆಗಳ ಹಾಸಿಗೆಗಳನ್ನು ಎಳೆದು ತಂದು ಗೋಡೆಗೆ ಆನಿಸಿದರು. ಲಾರಿ ಅಂಗಳದಲ್ಲಿ. ನುಡಿಸಿದ್ದು ಹೇಗೆ ಬಂದಿದೆ ಎಂದು ಕೇಳಬೇಕಾದರೆ ಕೋಣೆಗಳ ಒಳಗಿಂದ, ಬಾಲ್ಕನಿಗಳ ಮೇಲಿಂದ ಸುತ್ತಿ ಬಳಸಿ ಆ ಲಾರಿಗೆ ಹೋಗಬೇಕು. ಬೇಸತ್ತು ಅವರು ಹೋಗುವುದನ್ನೇ ಬಿಟ್ಟರು. ಚೆನ್ನಾಗಿ ಬಂತು ಎಂದು ತಮಗೇ ಅನ್ನಿಸಿದರೆ ಅದೇ ಟೇಕ್ ಖಾಯಂ. ಹೀಗೆ ಸಿದ್ಧವಾದ ‘ಮಶೀನ್ ಹೆಡ್’ ಆಲ್ಬಮ್ಮಿನಲ್ಲಿ ಇಂದಿಗೂ ನಾವು ಕೇಳುವ ಆ ಬಿಗಿ, ಆ ಹಿಂದೆ ತಿರುಗಿ ನೋಡದ ಓಟ, ಇಲ್ಲಿಂದ ಬಂದದ್ದು ಎಂದೇ ನನ್ನ ನಂಬಿಕೆ. ಲಾರಿಯಲ್ಲಿ ಕೂತು ಇದನ್ನೆಲ್ಲ ಹಿಡಿದವನು ಮಾರ್ಟಿನ್ ಬರ್ಚ್. ಮುಂದೆ ಐರನ್ ಮೇಡನ್ ತಂಡದ ಹೆಸರಾಂತ ಆಲ್ಬಮ್ಮುಗಳನ್ನು ರೂಪಿಸಿದವನೂ ಅವನೇ.

ಕೆಲಸ ಮುಗಿಯುವ ಹೊತ್ತಿಗೆ ಆಲ್ಬಮ್ಮಿಗೆ ಒಂದು ಹಾಡು ಕಮ್ಮಿ ಬಿತ್ತು. ಆಗ ನೆನಪಾಯಿತು, ಪೆವಿಲಿಯನ್ನಿನಲ್ಲಿ ಪೊಲೀಸರನ್ನು ಬಾಗಿಲಲ್ಲಿ ನಿಲ್ಲಿಸಿ ಮುದ್ರಿಸಿದ್ದೊಂದು ಇದೆಯಲ್ಲ ಎಂದು. ಸಾಹಿತ್ಯ ಬೇಕು. ಬೆಂಕಿಯಾದ ಕೆಲವು ದಿನಗಳ ಮೇಲೆ ಗ್ಲೋವರ್ ಒಂದು ಮುಂಜಾನೆ ನಿದ್ದೆಗಣ್ಣಲ್ಲೇ ‘ಸ್ಮೋಕ್ ಆನ್ ದ ವಾಟರ್’ ಎಂಬ ನಾಲ್ಕು ಪದಗಳನ್ನು ಗಟ್ಟಿಯಾಗಿ ಹೇಳುತ್ತ ಎದ್ದಿದ್ದನಂತೆ. ಗಿಲ್ಲನ್‌ಗೆ ಹೇಳಿದಾಗ ಅವನು ಮೊದಲು ಒಪ್ಪಲಿಲ್ಲ, ಮಾದಕದ್ರವ್ಯದ ಬಗೆಗಿನ ಹಾಡು ಎಂದು ಜನ ತಿಳಿದಾರು ಎಂದ. ಆಮೇಲೆ ಇಬ್ಬರೂ ಕೂತು, ಏನನ್ನೂ ಕಲ್ಪಿಸದೆ, ತಾವು ಕಂಡದ್ದನ್ನೇ ಕಂಡ ಕ್ರಮದಲ್ಲಿ ಬರೆದರು. ಊರಿನ ಹೆಸರು, ಸರೋವರ, ಸ್ಟೋನ್ಸ್ ಲಾರಿ, ಜಪ್ಪಾನ ತಂಡ, ಪಿಸ್ತೂಲು ಹಾರಿಸಿದ ಮೂಢ, ಒಳಗೆ ಹೊರಗೆ ಓಡಾಡಿದ ಕ್ಲೋಡ್, ಖಾಲಿ ಚಳಿ ಹೋಟೆಲು, ಹಳೆಯ ಹಾಸಿಗೆ, ಎಲ್ಲ ಅದರಲ್ಲಿದೆ.

ಹಾಡಿನ ಪದಗಳನ್ನು ಮೊದಲ ಸಲ ಬರೆದುಕೊಂಡು ಓದಿದಾಗ ನನಗೆ ನೆನಪಾದದ್ದು ಹಲಗಲಿಯ ಬೇಡರ ಲಾವಣಿ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಕುಂಪಣಿ ಸರ್ಕಾರಕ್ಕೆ ಎದುರು ನಿಂತ ಹಲಗಲಿಗೆ ದಂಡು ನುಗ್ಗಿ ಊರು ಸುಟ್ಟದ್ದನ್ನು ಹಾಡುವ ಲಾವಣಿಕಾರ, ಸಿಪಾಯಿಗಳು ದೋಚಿದ ಅಡುಗೆಮನೆಯ ಸಾಮಾನನ್ನೂ ಬಿಡದೆ ಹೆಸರಿಸುತ್ತಾನೆ. ಹೆಸರಿಟ್ಟು ಹೇಳಿದ್ದೇ ಉಳಿಯುತ್ತದೆ ಎಂಬುದು ಲಾವಣಿಕಾರನಿಗೆ ಗೊತ್ತು. ಹಲಗಲಿಯಲ್ಲಿ ನಡೆದದ್ದು ಅನ್ಯಾಯ, ಸಾವು. ಮೊಂಟ್ರೊದಲ್ಲಿ ನಡೆದದ್ದು ಒಬ್ಬನ ಮೂಢತನ. ಎರಡನ್ನೂ ಒಂದೇ ತೂಕಕ್ಕೆ ಹಾಕುತ್ತಿಲ್ಲ. ಆದರೆ ಹಾಡುವ ರೀತಿ ಅದೇ. ಪ್ರೇಮ, ವೇಗ, ರಾತ್ರಿ, ದೆವ್ವ ಎಂದು ಹಾಡುತ್ತಿದ್ದ ರಾಕ್ ಸಂಗೀತದಲ್ಲಿ ಈ ಐವರು ಒಂದು ಊರಿನ ಒಂದು ವಾರದ ವರದಿಯನ್ನು ಹಾಡಿದರು. ಜನರನ್ನು ಉಳಿಸಿದವನ ಹೆಸರಿದೆ. ಬೆಂಕಿ ಹಚ್ಚಿದವನು ಬರೀ ಒಬ್ಬ ಮೂಢ, ಅವನಿಗೆ ಹೆಸರಿಲ್ಲ. ಇದಕ್ಕಿಂತ ನ್ಯಾಯವಾದ ಹಂಚಿಕೆ ನನಗೆ ಕಾಣುವುದಿಲ್ಲ.

ಅಚ್ಚರಿ ಏನೆಂದರೆ, ಈ ಹಾಡಿನ ಮೇಲೆ ತಂಡದವರಿಗೇ ಭರವಸೆ ಇರಲಿಲ್ಲ. 1972ರ ಮಾರ್ಚಿನಲ್ಲಿ ‘ಮಶೀನ್ ಹೆಡ್’ ಬಂದಾಗ ರೇಡಿಯೊಗೆ ಕಳಿಸಿದ್ದು ‘ನೆವರ್ ಬಿಫೋರ್’ ಎಂಬ ಬೇರೆ ಹಾಡನ್ನು. ಆಲ್ಬಮ್ ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನಕ್ಕೇರಿತು. ಆಗಸ್ಟಿನಲ್ಲಿ ಒಸಾಕಾ, ಟೋಕಿಯೊಗಳಲ್ಲಿ ಮೂರು ರಾತ್ರಿ ನುಡಿಸಿದ್ದು ‘ಮೇಡ್ ಇನ್ ಜಪಾನ್’ ಆಗಿ ಹೊರಬಂತು. ಅದೇ ವರ್ಷ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅಳೆದ 117 ಡೆಸಿಬೆಲ್ ಸದ್ದಿಗಾಗಿ, ಜಗತ್ತಿನ ಅತಿ ಗಟ್ಟಿ ಸದ್ದಿನ ತಂಡ ಎಂದು ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ಅಮೆರಿಕದಲ್ಲಿ ‘ಸ್ಮೋಕ್ ಆನ್ ದ ವಾಟರ್’ ಬಿಡಿ ಹಾಡಾಗಿ ಬಂದದ್ದು 1973ರಲ್ಲಿ, ಆಲ್ಬಮ್ ಬಂದು ಒಂದು ವರ್ಷದ ಮೇಲೆ. ಆ ಬೇಸಿಗೆಯಲ್ಲಿ ಅದು ನಾಲ್ಕನೆಯ ಸ್ಥಾನದವರೆಗೆ ಏರಿತು.

ಅಷ್ಟರಲ್ಲಿ ತಂಡ ಒಡೆದಿತ್ತು. ಬಿಡುವಿಲ್ಲದ ಪ್ರವಾಸದಿಂದ ಎಲ್ಲರೂ ಸೊರಗಿದ್ದರು, ಬ್ಲ್ಯಾಕ್‌ಮೋರ್‌ಗೂ ಗಿಲ್ಲನ್‌ಗೂ ಮಾತಿಲ್ಲ. 1973ರ ಜೂನ್ 29ರಂದು ಒಸಾಕಾದಲ್ಲಿ ಹಾಡಿ ಗಿಲ್ಲನ್ ಹೊರಟುಹೋದ, ಗ್ಲೋವರ್‌ನನ್ನೂ ಕಳಿಸಿದರು. ಅಮೆರಿಕದ ರೇಡಿಯೊಗಳು ಹಗಲು ರಾತ್ರಿ ಆ ಹಾಡು ಹಾಕುತ್ತಿದ್ದ ದಿನಗಳಲ್ಲಿ, ಅದರ ಹೆಸರನ್ನು ನಿದ್ದೆಯಲ್ಲಿ ಕಂಡವನೂ ಅದನ್ನು ಹಾಡಿದವನೂ ತಂಡದಲ್ಲಿ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದಿನದು ಬಂದು ಹೋದವರ ಕಥೆ. ಹೋದ ಆ ಇಬ್ಬರ ಜಾಗಕ್ಕೆ ಡೇವಿಡ್ ಕವರ್‌ಡೇಲ್, ಗ್ಲೆನ್ ಹ್ಯೂಸ್ ಬಂದರು. ಬ್ಲ್ಯಾಕ್‌ಮೋರ್ 1975ರಲ್ಲಿ ಹೋಗಿ ರೇನ್‌ಬೋ ಎಂಬ ತಂಡ ಕಟ್ಟಿದ. ಅವನ ಜಾಗಕ್ಕೆ ಬಂದ ಅಮೆರಿಕದ ಹುಡುಗ ಟಾಮಿ ಬೋಲಿನ್ ಒಳ್ಳೆಯ ಗಿಟಾರಿಗ, ಮಾದಕದ್ರವ್ಯಕ್ಕೆ ಸಿಕ್ಕವನು. 1976ರಲ್ಲಿ ತಂಡ ಮುಚ್ಚಿತು, ಅದೇ ಡಿಸೆಂಬರಿನಲ್ಲಿ ಬೋಲಿನ್ ಸತ್ತ. ಗಿಲ್ಲನ್ 1983ರಲ್ಲಿ ಬ್ಲ್ಯಾಕ್ ಸಬ್ಬತ್ ಸೇರಿದಾಗ ಆ ತಂಡದ ಕಾರ್ಯಕ್ರಮಗಳಲ್ಲೂ ಈ ಹಾಡು ಹಾಡಿದ. ಮರುವರ್ಷ ಮೊಂಟ್ರೊದ ಐವರೇ ಮತ್ತೆ ಕೂಡಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ತಂದರು. ಮತ್ತೆ ಜಗಳ. 1989ರಲ್ಲಿ ಗಿಲ್ಲನ್‌ನನ್ನು ಹೊರಗೆ ಹಾಕಿದರು, ಕೆಲವು ವರ್ಷಕ್ಕೆ ವಾಪಸು ಕರೆದರು. 1993ರಲ್ಲಿ ಬ್ಲ್ಯಾಕ್‌ಮೋರ್ ಪ್ರವಾಸದ ನಡುವೆಯೇ ಬಿಟ್ಟುಹೋದವನು ಮತ್ತೆ ಬರಲಿಲ್ಲ.

1988ರ ಡಿಸೆಂಬರಿನಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಪರಿಹಾರಕ್ಕೆ ಹಣ ಕೂಡಿಸಲು ಬ್ರಿಟನ್ನಿನ ರಾಕ್ ಸಂಗೀತಗಾರರು ಒಟ್ಟಾಗಿ ಹೊಸದಾಗಿ ಮುದ್ರಿಸಿದ್ದು ಇದೇ ಹಾಡನ್ನು. ಗಿಲ್ಲನ್ ಜೊತೆ ಕ್ವೀನ್ ತಂಡದ ಬ್ರಯಾನ್ ಮೇ, ಪಿಂಕ್ ಫ್ಲಾಯ್ಡಿನ ಡೇವಿಡ್ ಗಿಲ್ಮರ್, ಬ್ಲ್ಯಾಕ್ ಸಬ್ಬತ್ತಿನ ಟೋನಿ ಅಯೋಮಿ, ಐರನ್ ಮೇಡನ್ನಿನ ಬ್ರೂಸ್ ಡಿಕಿನ್ಸನ್ ಎಲ್ಲ ಇದ್ದರು. ನಡೆದ ದುರಂತವನ್ನು ಹೇಳುವ ಹಾಡು, ನಡೆದಿದ್ದ ಇನ್ನೊಂದು ದುರಂತದ ನೆರವಿಗೆ ನಿಂತಿತು.

ನಮ್ಮಲ್ಲಿಗೂ ಅವರು ಬಂದರು. 1995ರಲ್ಲಿ ಮುಂಬಯಿಗೆ, ಬ್ಲ್ಯಾಕ್‌ಮೋರ್ ಜಾಗದಲ್ಲಿ ಸ್ಟೀವ್ ಮೋರ್ಸ್ ಜೊತೆ. 2001ರಲ್ಲಿ ಬೆಂಗಳೂರಿಗೆ. ಅರಮನೆ ಮೈದಾನದ ಆ ರಾತ್ರಿ ನಾನು ಸ್ಟೇಜಿನಿಂದ ದೂರ, ಹಿಂದಿನ ಸಾಲುಗಳಲ್ಲಿದ್ದೆ. ‘ಮೇಡ್ ಇನ್ ಜಪಾನ್’ ಕ್ಯಾಸೆಟ್ಟನ್ನು ಟೇಪ್ ಜೋತುಬೀಳುವ ತನಕ ಕೇಳಿದ್ದ ತಲೆಮಾರು ನಮ್ಮದು. ಕಚೇರಿಯಿಂದ ನೇರ ಬಂದ ಇಸ್ತ್ರಿ ಅಂಗಿಯ ಗಂಡಸರು, ಕಾಲೇಜಿನ ಹುಡುಗ ಹುಡುಗಿಯರು, ಮಗನ ಕೈ ಹಿಡಿದ ಅಪ್ಪಂದಿರು. ರಿಫ್ ಶುರುವಾದ ಕೂಡಲೆ ಅಷ್ಟೂ ಜನ ಸ್ವರಗಳನ್ನೇ ಬಾಯಲ್ಲಿ ಹಾಡತೊಡಗಿದರು. ಪದವಿಲ್ಲದೆ, ಬರೀ ಸ್ವರ. ನನ್ನ ಪಕ್ಕ ನಿಂತಿದ್ದ ಅಪರಿಚಿತರೊಬ್ಬರು ಕಣ್ಣು ಮುಚ್ಚಿ ಎಡಗೈ ಬೆರಳುಗಳನ್ನು ಗಾಳಿಯಲ್ಲಿ ತಂತಿಯ ಮೇಲಿಟ್ಟಂತೆ ಆಡಿಸುತ್ತಿದ್ದರು, ಒಂದು ಸ್ವರವೂ ತಪ್ಪದಂತೆ. ಮೊಂಟ್ರೊದ ಬೆಂಕಿ ನೋಡಿದವರು ಸ್ಟೇಜಿನ ಮೇಲೆ ಇದ್ದಾರೆ, ಅವರ ಬಾಯಿಂದಲೇ ಕೇಳುತ್ತಿದ್ದೇವೆ ಎಂಬುದು ನನ್ನನ್ನು ಅಲ್ಲಾಡಿಸಿತು. ಗಿಲ್ಲನ್ ದನಿ ಹಳೆಯ ಎತ್ತರಕ್ಕೆ ಹೋಗುತ್ತಿರಲಿಲ್ಲ. ಅದರ ಕೊರತೆ ನನಗೆ ಕಾಣಲಿಲ್ಲ.

ಜಾನ್ ಲಾರ್ಡ್ 2002ರಲ್ಲಿ ತಂಡದಿಂದ ನಿವೃತ್ತನಾದ, 2012ರ ಜುಲೈಯಲ್ಲಿ ತೀರಿಕೊಂಡ. ಅವನ ಸ್ಥಾನಕ್ಕೆ ಬಂದ ಡಾನ್ ಏರಿ ಈಗಲೂ ಆ ಆರ್ಗನ್ ನುಡಿಸುತ್ತಾನೆ. ಕ್ಲೋಡ್ ನೋಬ್ಸ್ 2012ರ ಕ್ರಿಸ್‌ಮಸ್ ಹಿಂದಿನ ದಿನ ಹಿಮದಲ್ಲಿ ಸ್ಕೀ ಮಾಡುವಾಗ ಬಿದ್ದು, ಎಚ್ಚರ ಬಾರದೆ 2013ರ ಜನವರಿಯಲ್ಲಿ ಹೋದ. 2016ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿನ ಗೌರವ ಸಿಕ್ಕಿತು, ಬಹಳ ತಡವಾಗಿ. ಹೆಂಡತಿಯ ಕಾಯಿಲೆಗಾಗಿ ಸ್ಟೀವ್ ಮೋರ್ಸ್ 2022ರಲ್ಲಿ ಹೊರಬಂದಾಗ ಉತ್ತರ ಐರ್ಲೆಂಡಿನ ಸೈಮನ್ ಮೆಕ್‌ಬ್ರೈಡ್ ಗಿಟಾರ್ ಹಿಡಿದ, ಈ ಹಾಡು ಹುಟ್ಟಿದ ಎಷ್ಟೋ ವರ್ಷದ ಮೇಲೆ ಹುಟ್ಟಿದವನು. 2024ರಲ್ಲೂ ಹೊಸ ಆಲ್ಬಮ್ ಬಂತು. ಮೊಂಟ್ರೊದಲ್ಲಿದ್ದವರ ಪೈಕಿ ಗಿಲ್ಲನ್, ಗ್ಲೋವರ್, ಪೇಸ್ ಮೂವರು ಇನ್ನೂ ತಂಡದಲ್ಲಿದ್ದಾರೆ. ಮೊದಲ ದಿನದಿಂದ ಒಂದು ಸಲವೂ ಬಿಡದೆ ಉಳಿದವನು ಪೇಸ್ ಒಬ್ಬನೇ.

ಈಗ ನಿಮ್ಮಲ್ಲೊಬ್ಬರು ಆ ಗಿಟಾರ್ ತನ್ನಿ. ಪ್ಲೆಕ್ಟ್ರಮ್ ಬೇಡ, ಬೆರಳಲ್ಲಿ ಎರಡು ತಂತಿ ಒಟ್ಟಿಗೆ.